ಪಿಜಿ ಕಸ ಯಾರ ಕಸ?

ಬೆಂಗಳೂರಿನ ಕಸದ ನಿಯಮ ಬರೆದವರ ಕಣ್ಣ ಮುಂದೆ ಒಂದು ಮನೆ ಇತ್ತು. ಆ ಮನೆಗೊಂದು ಅಡುಗೆಮನೆ, ಅಲ್ಲಿ ಹಸಿ ಕಸಕ್ಕೆ ಹಸಿರು ಬಕೆಟ್, ಬಚ್ಚಲಲ್ಲಿ ಕೆಂಪು ಬಕೆಟ್, ಒಣ ಕಸಕ್ಕೆ ಬಾಗಿಲ ಹಿಂದೆ ನೇತುಹಾಕಿದ ಒಂದು ಚೀಲ. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಕಸದ ಆಟೋ ಬಂದರೆ ಬಕೆಟ್ ಹಿಡಿದು ಕೆಳಗಿಳಿಯೋಕೆ ಮನೆಯಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಜಯನಗರಕ್ಕೋ ಮಲ್ಲೇಶ್ವರಕ್ಕೋ ಈ ಚಿತ್ರ ಸರಿಹೋಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಗೆ ಬಂದರೆ ಈ ಮನೆಯನ್ನು ಹುಡುಕಬೇಕಾಗುತ್ತದೆ.

ಇಲ್ಲಿ ಬೀದಿಗೆ ಬೀದಿಯೇ ಪಿಜಿ. ಪೀಣ್ಯದ ಕಡೆ ಹೋದರೆ ಕಾರ್ಖಾನೆ ಕೆಲಸದವರು ನಾಲ್ಕೈದು ಜನ ಸೇರಿ ಬಾಡಿಗೆಗೆ ಹಿಡಿದ ರೂಮುಗಳ ಸಾಲು. ನಮ್ಮಲ್ಲೇ ನೋಡಿ: ಹಾಸ್ಟೆಲ್ ಸೀಟು ಸಿಗದವರು ಪಿಜಿಯಲ್ಲಿ, ಇಂಟರ್ನ್‌ಶಿಪ್‌ಗೆ ಹೋದವರು ಪಿಜಿಯಲ್ಲಿ, ಪ್ಲೇಸ್‌ಮೆಂಟ್ ಆಗಿ ಹೋದ ಸೀನಿಯರ್‌ಗಳೂ ಪಿಜಿಯಲ್ಲೇ. ರೂಮಿನಲ್ಲಿ ಅಡುಗೆಮನೆ ಇಲ್ಲ, ಕಸ ಮಾತ್ರ ಇದೆ. ಪಾರ್ಸಲ್ ಡಬ್ಬಿ, ಅದರೊಳಗೆ ಮಿಕ್ಕ ಬಿರಿಯಾನಿ, ನೂಡಲ್ಸ್ ಕಪ್ಪು, ಬಾಳೆಹಣ್ಣಿನ ಸಿಪ್ಪೆ, ಆನ್‌ಲೈನ್ ಆರ್ಡರಿನ ರಟ್ಟು, ಸ್ಯಾನಿಟರಿ ಪ್ಯಾಡ್, ಸತ್ತ ಇಯರ್‌ಫೋನು. ಇಷ್ಟಕ್ಕೂ ಮಹಡಿಗೊಂದು ಡ್ರಮ್ಮು. ರಾತ್ರಿ ಕೆಲಸದ ಹುಡುಗ ಅದನ್ನೆಲ್ಲ ಕಪ್ಪು ಕವರಿಗೆ ಸುರಿದು ಗಂಟು ಕಟ್ಟುತ್ತಾನೆ. ಬೆಳಿಗ್ಗೆ ಆಟೋ ಸಿಕ್ಕರೆ ಆಟೋಗೆ, ಸಿಗದಿದ್ದರೆ ಬೀದಿ ಕೊನೆಯ ಖಾಲಿ ಸೈಟಿಗೆ.

ಈ ಕವರ್ ಯಾರದ್ದು? ಓನರ್‌ನ ಕೇಳಿದರೆ ‘ಹುಡುಗರು ಹಾಕ್ತಾರೆ, ನಾನೇನ್ ಮಾಡ್ಲಿ’ ಅಂತಾರೆ. ಹುಡುಗರನ್ನು ಕೇಳಿದರೆ ‘ತಿಂಗಳು ತಿಂಗಳು ದುಡ್ಡು ಕೊಡ್ತೀವಲ್ಲ, ಓನರ್ ನೋಡ್ಕೋಬೇಕು’ ಅಂತಾರೆ. ನಮ್ಮ ಅಭಿಪ್ರಾಯ ಇಷ್ಟೇ: ಬೆಂಗಳೂರಿನ ಕಸದ ನಿಯಮ ಒಳ್ಳೆಯದು, ಆದರೆ ಪಿಜಿಯನ್ನು ಅದು ಹಿಡಿಯದೆ ಬಿಟ್ಟಿದೆ. ಪಿಜಿ ನಡೆಸುವವರನ್ನೇ ಆ ಕಸದ ಮನೆಯೊಡೆಯರು ಅಂತ ಎಣಿಸಬೇಕು, ಅದನ್ನು ಮೊದಲು ಕೇಳಬೇಕಾದವರು ಅಲ್ಲಿ ವಾಸ ಮಾಡುವ ನಾವು.

ನಿಯಮ ಎಲ್ಲಿಂದ ಬಂತು ಅನ್ನೋದನ್ನು ಮೊದಲು ನೋಡೋಣ. ‘ಎರಡು ಬಕೆಟ್, ಒಂದು ಚೀಲ’ ಅನ್ನುವ ಪದ್ಧತಿಯನ್ನು ಕಡ್ಡಾಯ ಮಾಡಿದ್ದು ಕರ್ನಾಟಕ ಹೈಕೋರ್ಟ್, 2015ರ ಡಿಸೆಂಬರ್‌ನಲ್ಲಿ. 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಬಂದ ಆದೇಶ ಅದು. ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪು ಬಕೆಟ್ಟಿಗೆ ಪ್ಯಾಡು, ಡೈಪರು, ಬ್ಯಾಂಡೇಜು, ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ಲೋಹ. ಹಸಿ ಕಸ ದಿನಾ ಕೊಡಬೇಕು, ಒಣ ಕಸ ವಾರಕ್ಕೆರಡು ದಿನ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು, ಮನೆಯಲ್ಲೇ ಮೂರು ಭಾಗ ಮಾಡುವುದು ದೇಶಕ್ಕೆಲ್ಲ ಕಡ್ಡಾಯವಾಯಿತು. ಆ ಜಾಗಕ್ಕೆ ಬಂದಿರುವ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಈಗ ಭಾಗ ನಾಲ್ಕು: ಹಸಿ, ಒಣ, ಸ್ಯಾನಿಟರಿ, ಮತ್ತೆ ಬಲ್ಬು, ಪೇಂಟ್ ಡಬ್ಬಿ, ಹಳೇ ಮಾತ್ರೆಗಳಂಥ ವಿಶೇಷ ಎಚ್ಚರಿಕೆ ಬೇಕಾದ ಕಸ.

ಕೋರ್ಟು ಇದರಲ್ಲಿ ಕೈಹಾಕಿದ್ದೇಕೆ ಅಂದರೆ, ಆ ಹೊತ್ತಿಗೆ ಹಳ್ಳಿಗಳು ಎದ್ದು ನಿಂತಿದ್ದವು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ನಗರದ ಕಸ ಸುರಿದರು. ಜನ ಇನ್ನು ಸಾಕು ಅಂದರು, 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಕಸ ಗುಡ್ಡೆ ಬಿತ್ತು. ಅಲ್ಲಿಂದ ಲಾರಿಗಳು ಹೆಚ್ಚಾಗಿ ಮಂಡೂರಿನ ಕಡೆಗೆ ತಿರುಗಿದವು. ಮಂಡೂರು ಅಂದರೆ ದೂರದ ಊರೇನಲ್ಲ. ವೈಟ್‌ಫೀಲ್ಡ್‌ನಿಂದ ಉತ್ತರಕ್ಕೆ ಹೊರಟು ಹಳೇ ಮದ್ರಾಸ್ ರಸ್ತೆ ದಾಟಿದರೆ ಸಿಗುವ ಹಳ್ಳಿ. 2014ರಲ್ಲಿ ಅಲ್ಲಿನವರು ಲಾರಿ ತಡೆದು ರಸ್ತೆಯಲ್ಲಿ ಕೂತರು. ಪೊಲೀಸ್ ಕಾವಲಿನಲ್ಲಿ ಲಾರಿ ಬಿಡುವ ಹಂತಕ್ಕೂ ಹೋಗಿ, ಕೊನೆಗೆ ಅದೇ ವರ್ಷದ ಡಿಸೆಂಬರ್ 1ರಿಂದ ಅಲ್ಲಿ ಕಸ ಸುರಿಯುವುದಿಲ್ಲ ಅಂತ ಸರ್ಕಾರ ಮಾತು ಕೊಡಬೇಕಾಯಿತು.

ನಮ್ಮ ಬೆಲ್ಟುಗಳ ನಕ್ಷೆ ತೆಗೆದು ನೋಡಿದರೆ ಇದೇ ಕತೆ ಮೂರೂ ದಿಕ್ಕಿನಲ್ಲಿ ಕಾಣುತ್ತದೆ. ವೈಟ್‌ಫೀಲ್ಡ್ ಪಕ್ಕ ಮಂಡೂರು. ಎಲೆಕ್ಟ್ರಾನಿಕ್ ಸಿಟಿ ಪಕ್ಕ ಚಿಕ್ಕನಾಗಮಂಗಲ, ಆನೇಕಲ್ ತಾಲ್ಲೂಕಿನ ಬಿಂಗೀಪುರ. ಪೀಣ್ಯದ ಪಕ್ಕ ದೊಡ್ಡಬಿದರಕಲ್ಲು. ಚಿಕ್ಕನಾಗಮಂಗಲ ಮತ್ತು ದೊಡ್ಡಬಿದರಕಲ್ಲಿನಲ್ಲಿ ಕಟ್ಟಿದ್ದು ಕಸದ ಗುಂಡಿ ಕೂಡ ಆಗಿರಲಿಲ್ಲ, ಹಸಿ ಕಸದಿಂದ ಗೊಬ್ಬರ ಮಾಡುವ ಘಟಕ. ಬರೀ ಹಸಿ ಕಸ ಬಂದಿದ್ದರೆ ಅವು ತಮ್ಮ ಪಾಡಿಗೆ ನಡೆಯಬಹುದಿತ್ತು. ಬೆರೆತ ಕಸ ಬಂದಾಗ ಮೆಷಿನ್ನಿಗೆ ಮೊದಲು ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ, ಬೇರ್ಪಡಿಸುವಷ್ಟರಲ್ಲಿ ರಾಶಿ ಕೊಳೆಯುತ್ತದೆ, ಕೊಳೆತ ರಸ ಹರಿಯುತ್ತದೆ, ವಾಸನೆ ಮನೆಮನೆಗೂ ನುಗ್ಗುತ್ತದೆ. ಸುತ್ತಲಿನವರು ಈ ಘಟಕ ನಮಗೆ ಬೇಡ ಅಂತ ಬೀದಿಗಿಳಿದರೆ ಅವರನ್ನು ಅಭಿವೃದ್ಧಿ ವಿರೋಧಿಗಳು ಅನ್ನೋಕೆ ಆಗುತ್ತದೆಯೇ? ಅಲ್ಲಿ ಮುಚ್ಚಿದ್ದು ಇಲ್ಲಿ ತೆರೆಯುತ್ತದೆ, ಅಷ್ಟೇ. ಈಚಿನ ವರ್ಷಗಳಲ್ಲಿ ಬಾಗಲೂರು ಕಡೆಯ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೇ ಕಲ್ಲು ಕ್ವಾರಿಗಳಿಗೆ ಲಾರಿಗಳು ಹೋಗಿವೆ. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡೋದು ಅಂತಾರಲ್ಲ, ಹಾಗೆ.

ನಮ್ಮಲ್ಲಿ ಎಷ್ಟೋ ಜನರ ಊರಿನಲ್ಲಿ ಈಗಲೂ ತಿಪ್ಪೆ ಇದೆ. ಕೊಟ್ಟಿಗೆ ಕಸ, ಸಗಣಿ, ಬೂದಿ, ಮುಸುರೆ ತಿಂದು ದನ ಬಿಟ್ಟಿದ್ದು, ಎಲ್ಲ ಅಲ್ಲಿ ಬಿದ್ದು, ಮುಂಗಾರಿಗೆ ಮುಂಚೆ ಗಾಡಿ ತುಂಬಿ ಹೊಲಕ್ಕೆ ಹೋಗುತ್ತದೆ. ತಿಪ್ಪೆಗೆ ಯಾರಾದರೂ ಗಾಜಿನ ಚೂರು ಎಸೆದರೆ ಅಜ್ಜ ಸುಮ್ಮನೆ ಬಿಡುವುದಿಲ್ಲ, ನಾಳೆ ಆ ಗೊಬ್ಬರದಲ್ಲಿ ಬರಿಗಾಲಲ್ಲಿ ನಿಲ್ಲುವವರು ಅವರೇ. ಬೇರ್ಪಡಿಸುವುದು ಅನ್ನೋದು ಕೋರ್ಟು ಕಲಿಸಿದ ಹೊಸ ವಿದ್ಯೆಯೇನಲ್ಲ. ಮಂಡೂರಿನ ಗುಡ್ಡಕ್ಕೂ ಊರ ತಿಪ್ಪೆಗೂ ಇರುವ ವ್ಯತ್ಯಾಸ ಇಷ್ಟು: ತಿಪ್ಪೆಯ ಒಡೆಯ ಯಾರು ಅಂತ ಊರಿಗೆಲ್ಲ ಗೊತ್ತು.

ಈಗ ಪಿಜಿ ವಿಷಯಕ್ಕೆ ಬರೋಣ. ನಿಯಮಗಳಲ್ಲಿ ಕಸ ಮಾಡುವವರು ಎರಡು ಥರ. ಒಂದು ಮಾಮೂಲಿ ಮನೆ. ಇನ್ನೊಂದು ಭಾರಿ ಪ್ರಮಾಣದಲ್ಲಿ ಕಸ ಮಾಡುವವರು, ಅಂದರೆ ಬಲ್ಕ್ ಜನರೇಟರ್. 2016ರ ನಿಯಮದಲ್ಲಿ ಇದಕ್ಕೆ ಹಾಕಿದ ಗೆರೆ ದಿನಕ್ಕೆ 100 ಕೆಜಿ. 2026ರ ನಿಯಮದಲ್ಲಿ ಮೂರು ಗೆರೆಗಳಿವೆ: 20,000 ಚದರ ಮೀಟರ್ ಕಟ್ಟಡ, ದಿನಕ್ಕೆ 40,000 ಲೀಟರ್ ನೀರು, ಇಲ್ಲವೇ ದಿನಕ್ಕೆ 100 ಕೆಜಿ ಕಸ. ಮೂರರಲ್ಲಿ ಒಂದನ್ನು ಮುಟ್ಟಿದರೂ ನೀವು ಬಲ್ಕ್ ಪಟ್ಟಿಗೆ ಸೇರಿದಿರಿ, ಹಸಿ ಕಸವನ್ನು ಆದಷ್ಟೂ ನಿಮ್ಮ ಜಾಗದಲ್ಲೇ ಸಂಸ್ಕರಿಸಬೇಕು.

ಸಿವಿಲ್‌ನವರಿಗೆ ಇದು ಬಾಯಿಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ನಾವು ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್‌ನಲ್ಲಿ ಓದುತ್ತೇವೆ. 300 ಜನರ ಹಾಸ್ಟೆಲ್ ಅಂದರೆ 40,500 ಲೀಟರ್. ಅಂದರೆ ಸಾಧಾರಣ ದೊಡ್ಡ ಹಾಸ್ಟೆಲ್ ಯಾವುದೇ ಆದರೂ ಗೆರೆ ದಾಟಿತು. 80 ಜನರ ಪಿಜಿಗೆ ಅದೇ ಲೆಕ್ಕ ಹಾಕಿ: 10,800 ಲೀಟರ್. ಒಬ್ಬರಿಗೆ ಅರ್ಧ ಕೆಜಿ ಕಸ ಅಂತ ಹಿಡಿದರೂ ದಿನಕ್ಕೆ 40 ಕೆಜಿ. ಗೆರೆಯ ಕೆಳಗೇ ಉಳಿಯಿತು. ಅಂಥ ಹತ್ತು ಪಿಜಿ ಒಂದೇ ಬೀದಿಯಲ್ಲಿದ್ದರೆ 400 ಕೆಜಿ ಆಗುತ್ತದೆ, ಗೆರೆಯ ನಾಲ್ಕರಷ್ಟು. ಆದರೆ ಆ ಬೀದಿಯಲ್ಲಿ ಬಲ್ಕ್ ಜನರೇಟರ್ ಒಬ್ಬರೂ ಇಲ್ಲ. ಮನೆ ಅಂತ ಎಣಿಸಿದರೆ ಮನೆಯವರು ಇಲ್ಲ, ಬಲ್ಕ್ ಅಂತ ಎಣಿಸಿದರೆ ತೂಕ ಸಾಲದು. ಅಷ್ಟೂ ಕಸ ಈ ಸಂದಿನಲ್ಲಿ ಜಾರಿ ಖಾಲಿ ಸೈಟಿಗೆ ಬೀಳುತ್ತಿದೆ.

ದಂಡ ಹಾಕುವವರಿಗೂ ಇದೇ ತೊಡಕು. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅಧಿಕಾರಿಗಳು ರಸ್ತೆಗೆ ಕಸ ಎಸೆದವರನ್ನು ಹುಡುಕಿ, ಅವರ ಮನೆ ಬಾಗಿಲಲ್ಲೇ ಕಸ ಸುರಿದು ದಂಡ ಹಾಕಿದ್ದು ನೆನಪಿರಬಹುದು. ನ್ಯೂಸ್ ಚಾನೆಲ್ಲುಗಳಿಗೆ ಒಳ್ಳೇ ದೃಶ್ಯ ಸಿಕ್ಕಿತು. ಆದರೆ 80 ಜನ ಇರುವ ಗೇಟಿನ ಮುಂದೆ ಸುರಿದರೆ ನಾಚಿಕೆ ಪಡಬೇಕಾದವರು ಯಾರು? ಓನರ್ ಬೇರೆ ಏರಿಯಾದಲ್ಲಿರುತ್ತಾರೆ, ಹುಡುಗರು ಆಫೀಸಿಗೆ ಹೋಗಿರುತ್ತಾರೆ. ಬರಿಗೈಯಲ್ಲಿ ಗುಡಿಸುವವನು ಅದೇ ಕೆಲಸದ ಹುಡುಗ.

ಗಡಿಗಳ ಗೊಂದಲವೂ ಸೇರಿಕೊಂಡಿದೆ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶ 2013ರಿಂದ ಎಲ್ಸಿಟಾ ಅನ್ನುವ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರದ ಕೈಯಲ್ಲಿದೆ. ಅಲ್ಲಿ ಕೆಲಸ ಮಾಡುವವರು ರಾತ್ರಿ ಮಲಗೋದು ಗಡಿಯ ಆಚೆ. ಕಂಪನಿ ಕ್ಯಾಂಟೀನಿನಲ್ಲಿ ಮೂರು ಬಣ್ಣದ ಡಬ್ಬಿ ನೋಡಿ ಸರಿಯಾಗಿ ಹಾಕಿ ಬಂದವರೇ ಸಂಜೆ ಏಳಕ್ಕೆ ಒಂದೇ ಡ್ರಮ್ಮಿನ ಮುಂದೆ ನಿಂತಿರುತ್ತಾರೆ. ಜನ ಅದೇ ಜನ, ಅಭ್ಯಾಸವೂ ಇದೆ, ಡಬ್ಬಿ ಇಲ್ಲ. ‘ಈಗಿನ ಹುಡುಗರಿಗೆ ಸಿವಿಕ್ ಸೆನ್ಸ್ ಇಲ್ಲ’ ಅನ್ನುವ ಮಾತು ಅದಕ್ಕೇ ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಈ ಮಾತು ಎತ್ತಿದಾಗಲೆಲ್ಲ ಕ್ಯಾಂಪಸ್ಸಿನಲ್ಲಿ ಎರಡು ಎದುರು ಮಾತು ಕೇಳಿಬರುತ್ತವೆ. ಎರಡಕ್ಕೂ ಉತ್ತರ ಕೊಡಬೇಕು.

ಮೊದಲನೆಯದು: ‘ನಾವು ಬೇರೆ ಮಾಡಿ ಕೊಟ್ಟರೂ ಆಟೋದವರು ಒಟ್ಟಿಗೇ ಹಾಕ್ತಾರೆ, ಸುಮ್ನೆ ಯಾಕೆ?’ ಹಾಗೆ ಆಗುವುದುಂಟು, ಇಲ್ಲ ಅನ್ನೋಕಾಗಲ್ಲ. ಆದರೆ ಬೆರೆತು ಬಂದದ್ದನ್ನು ಬೇರ್ಪಡಿಸುವುದು ಕೈಯಿಂದ, ಗ್ಲೌಸ್ ಇದ್ದರೆ ಗ್ಲೌಸ್, ಇಲ್ಲದಿದ್ದರೆ ಬರಿಗೈ. ಆ ಕೈ ಪೌರಕಾರ್ಮಿಕರದ್ದೋ ಆಟೋ ಸಹಾಯಕರದ್ದೋ. ಬಿರಿಯಾನಿಯ ಜೊತೆ ಪ್ಯಾಡು, ಪ್ಯಾಡಿನ ಜೊತೆ ಶೇವಿಂಗ್ ಬ್ಲೇಡು. ಬೇರೆ ಮಾಡಿ ಕೊಟ್ಟಾಗ ಮಾತ್ರ ‘ನೀವ್ಯಾಕೆ ಒಟ್ಟಿಗೆ ಹಾಕಿದ್ರಿ’ ಅಂತ ಕೇಳುವ ಹಕ್ಕು ನಮಗಿರುತ್ತದೆ. ಒಣ ಕಸ ಒಣಗಿದ್ದರೆ ಅದಕ್ಕೆ ಬೆಲೆಯೂ ಇದೆ. ಬೆಂಗಳೂರಿನ ವಾರ್ಡುಗಳಲ್ಲಿರುವ ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟು ದಶಕದ ಮೇಲಾಯಿತು. ಸಾಂಬಾರು ಮೆತ್ತಿದ ರಟ್ಟು ಅವರಿಗೆ ಕಸ, ಒಣಗಿದ ರಟ್ಟು ಅವರ ಮನೆಯ ಅಕ್ಕಿ.

ಎರಡನೆಯದು ನಮ್ಮವರ ಬಾಯಲ್ಲೇ ಹೆಚ್ಚು: ‘ಬ್ರೋ, ಟೆಕ್ನಾಲಜಿ ಇದೆಯಲ್ಲ, ಎಲ್ಲ ಸುಟ್ಟು ಕರೆಂಟ್ ಮಾಡಬಹುದು.’ ಮಾಡಬಹುದು. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ವಿದ್ಯುತ್ ತಯಾರಿಸುವ ಲೆಕ್ಕದಲ್ಲಿ ಘಟಕ ಕಟ್ಟಿದ್ದಾರೆ. ಆದರೆ ಥರ್ಮೋಡೈನಮಿಕ್ಸ್ ನೆನಪು ಮಾಡಿಕೊಳ್ಳಿ. ಕುದಿಯುವ ನೀರು ಒಂದು ಕೆಜಿ ಆವಿಯಾಗೋಕೆ ಸುಮಾರು 2257 ಕಿಲೋಜೌಲ್ ಬೇಕು, ಸ್ಟೀಮ್ ಟೇಬಲ್‌ನಲ್ಲೇ ಇದೆ. ಅನ್ನ, ಸಾರು, ಹಣ್ಣಿನ ಸಿಪ್ಪೆಯಲ್ಲಿ ಬಹುಪಾಲು ನೀರೇ. ಹಸಿ ಕಸ ಬೆರೆತ ರಾಶಿಗೆ ಬೆಂಕಿ ಹಾಕಿದರೆ ಒಣ ಕಸದ ಶಾಖ ಹಸಿ ಕಸದ ನೀರನ್ನು ಒಣಗಿಸೋದರಲ್ಲೇ ಖರ್ಚಾಗುತ್ತದೆ. ಸುಡುವ ಘಟಕಕ್ಕೂ ಬೇರೆ ಮಾಡಿದ ಕಸವೇ ಬೇಕು. ಬಯೋಗ್ಯಾಸ್ ಘಟಕಕ್ಕೆ ಪ್ಲಾಸ್ಟಿಕ್ ಇಲ್ಲದ ಹಸಿ ಕಸ ಬೇಕು. ಗೊಬ್ಬರಕ್ಕೆ ಗಾಜಿಲ್ಲದ ಹಸಿ ಕಸ ಬೇಕು. ಯಾವ ಟೆಕ್ನಾಲಜಿ ತಂದರೂ ಅದರ ಮೊದಲ ಮೆಟ್ಟಿಲು ನಮ್ಮ ಮಹಡಿಯ ಡ್ರಮ್ಮು. ಬೆರೆಸೋಕೆ ಒಂದು ಸೆಕೆಂಡ್ ಸಾಕು, ಬೇರ್ಪಡಿಸೋಕೆ ಕಾರ್ಖಾನೆಯೇ ಬೇಕು. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮಗಿಂತ ಚೆನ್ನಾಗಿ ತಯಾರಾದವರು ಇನ್ಯಾರು?

ಹಾಗಾದರೆ ಏನಾಗಬೇಕು? ನಮಗೆ ತೋಚಿದ್ದನ್ನು ಹೇಳುತ್ತೇವೆ.

ನಗರಪಾಲಿಕೆ ಮತ್ತು ಪಂಚಾಯಿತಿಗಳು ಮಾಡಬೇಕಾದ ಕೆಲಸ ಒಂದಿದೆ. ಪಿಜಿ ನಡೆಸೋಕೆ ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ, ಕಸಕ್ಕೂ ಒಂದು ಷರತ್ತು ಇರಲಿ. ಎಷ್ಟು ಹಾಸಿಗೆ ಇವೆಯೋ ಅಷ್ಟು ಜನರ ಕಸಕ್ಕೆ ಮಾಲೀಕರೇ ಹೊಣೆ. ಮಹಡಿಗೆ ಹಸಿರು, ಕೆಂಪು ಡಬ್ಬಿ ಮತ್ತು ಒಣ ಕಸದ ಚೀಲ, ಬೆಳಿಗ್ಗೆ ಆಟೋಗೆ ಕೊಡೋಕೆ ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬರು, ಅವರಿಗೆ ಗ್ಲೌಸು. ಫೈರ್ ಎಕ್ಸ್‌ಟಿಂಗ್ವಿಷರ್, ಸಿಸಿ ಕ್ಯಾಮೆರಾ ಕೇಳುವ ಹಾಗೆ ಇದನ್ನೂ ಕೇಳಬಹುದು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೇ ಕಸದ ಶುಲ್ಕ ವಸೂಲಾಗುತ್ತಿದೆ, ವಾಸದ ಮನೆಗಳಿಗೆ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಂದ 400 ರೂಪಾಯಿವರೆಗೆ. ಶುಲ್ಕದ ಬಿಲ್ಲು ಕಟ್ಟಡದ ಒಡೆಯರ ಹೆಸರಿಗೆ ಬರುವುದಾದರೆ ಹೊಣೆಯೂ ಅವರ ಹೆಸರಿಗೇ ಬರಲಿ. ಇದರಿಂದ ಬಾಡಿಗೆ ಏರುತ್ತದೆ ಅನ್ನುವ ಭಯ ಕೆಲವರಿಗಿದೆ. ಮಹಡಿಗೆ ಎರಡು ಡಬ್ಬಿ, ಒಂದು ಚೀಲದ ಖರ್ಚನ್ನು 80 ಜನರಿಗೆ ಹಂಚಿ ನೋಡಿ, ಒಂದು ಟೀ ದುಡ್ಡಿನ ಮಾತು.

ಕಾಲೇಜಿನ ಒಳಗೆ ನಮ್ಮ ಕೈಯಲ್ಲೇ ಆಗುವ ಕೆಲಸಗಳಿವೆ. ಹಾಸ್ಟೆಲ್ ಮೆಸ್ಸಿನ ಮಿಕ್ಕ ಊಟವನ್ನು ಒಂದು ವಾರ ದಿನಾ ತೂಗಿ, ಅಂಕಿಯನ್ನು ಮೆಸ್ ಬಾಗಿಲಲ್ಲೇ ಬರೆದು ಹಾಕೋಣ. ತೂಕದ ಯಂತ್ರ ಬಿಟ್ಟರೆ ಬೇರೇನೂ ಬೇಡ. ಆ ಅಂಕಿ ಇದ್ದರೆ ಬಯೋಗ್ಯಾಸ್ ಘಟಕ ಎಷ್ಟು ದೊಡ್ಡದು ಬೇಕು ಅನ್ನುವ ಡಿಸೈನ್ ಯಾರದ್ದಾದರೂ ಫೈನಲ್ ಇಯರ್ ಪ್ರಾಜೆಕ್ಟ್ ಆಗುತ್ತದೆ. ಇಸಿ, ಮೆಕ್ಯಾನಿಕಲ್ ಲ್ಯಾಬುಗಳಲ್ಲಿ ಸುಟ್ಟ ಬೋರ್ಡು, ಊದಿಕೊಂಡ ಲಿಥಿಯಂ ಬ್ಯಾಟರಿ ಯಾವ ಕಾರಣಕ್ಕೂ ಮಾಮೂಲಿ ಡಬ್ಬಿಗೆ ಬೀಳಬಾರದು. ಕಸದ ಲಾರಿಯ ಕಾಂಪ್ಯಾಕ್ಟರ್ ಒತ್ತಿದಾಗ ಅಂಥ ಬ್ಯಾಟರಿ ಹೊತ್ತಿಕೊಳ್ಳಬಹುದು. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲೇ ಮುಂದೆ ಹೋದರೆ ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಬಿಚ್ಚಿ ಲೋಹ ತೆಗೆಯುವ ಅಧಿಕೃತ ಘಟಕವೇ ಇದೆ. ವರ್ಷಕ್ಕೆರಡು ಸಲ ಡಿಪಾರ್ಟ್‌ಮೆಂಟಿನಿಂದ ಒಂದು ಗಾಡಿ ಹೋದರೆ ಸಾಕು.

ಫೆಸ್ಟ್ ವಿಷಯವನ್ನೂ ಹೇಳಿಬಿಡೋಣ. ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರೆ ಮಾಡಿ ಒಪ್ಪಿಸುವ ಹೊಣೆ ಸಂಘಟಕರದ್ದೇ ಅಂತ 2016ರ ನಿಯಮದಲ್ಲೇ ಬರೆದಿತ್ತು. ನಮ್ಮ ರಾಜ್ಯೋತ್ಸವಕ್ಕೆ ಬರುವ ಜನ ಎಷ್ಟು, ಊಟದ ಸಾಲು ಎಷ್ಟು ಉದ್ದ ಅಂತ ನಮಗೆಲ್ಲ ಗೊತ್ತು. ಭುವನೇಶ್ವರಿಗೆ ಕೈಮುಗಿದು ಹಿಂದಿನ ಮೈದಾನದಲ್ಲಿ ಥರ್ಮಾಕೋಲ್ ತಟ್ಟೆ ರಾಶಿ ಬಿಟ್ಟು ಹೋಗೋದು ನಾಡಹಬ್ಬಕ್ಕೆ ಒಪ್ಪುವ ಮಾತಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನದವರು ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ. ಬಾಳೆಲೆ ಅಂತೂ ಇದ್ದೇ ಇದೆ, ಉಂಡ ಮೇಲೆ ಅದೇ ಹಸಿ ಕಸ.

ಕನ್ನಡ ಸಂಘ ಮಾಡಬಹುದಾದ ಇನ್ನೊಂದು ಕೆಲಸ ಪಿಜಿಗಳ ಗೋಡೆಗೆ ಒಂದು ಹಾಳೆ. ಸರ್ಕಾರಿ ಭಿತ್ತಿಪತ್ರಗಳಲ್ಲಿ ‘ಜೈವಿಕವಾಗಿ ವಿಘಟನೀಯ’ ಅಂತ ಬರೆದರೆ ನಮಗೇ ಅರ್ಥವಾಗುವುದಿಲ್ಲ. ಹಸಿ ಕಸ, ಒಣ ಕಸ ಅನ್ನುವ ಪದಗಳು ಎಷ್ಟು ಚಿಕ್ಕವು, ಎಷ್ಟು ಸ್ಪಷ್ಟ. ರೂಮ್‌ಮೇಟ್ ಪಾಟ್ನಾದಿಂದ ಬಂದಿರಲಿ, ಗುಂಟೂರಿನಿಂದ ಬಂದಿರಲಿ, ಮೂರು ದಿನದಲ್ಲಿ ಕಲಿಯಬಹುದಾದ ಕನ್ನಡ ಇದು. ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಅವರವರ ಭಾಷೆಯಲ್ಲಿ ಚಿಕ್ಕದಾಗಿ, ಏನು ಎಲ್ಲಿಗೆ ಅಂತ ಚಿತ್ರ ಬರೆದು ಕೊಟ್ಟರೆ ಓನರ್‌ಗಳೂ ಬೇಡ ಅನ್ನಲಾರರು. ಕನ್ನಡ ಕಲಿಸೋಕೆ ಇದಕ್ಕಿಂತ ದಿನನಿತ್ಯದ ಪಾಠ ಸಿಗುವುದು ಕಷ್ಟ.

ಕಾನೂನು ಬದಲಾಗೋಕೆ ವರ್ಷಗಳು ಬೇಕಾಗಬಹುದು. ಬಾಡಿಗೆದಾರರ ಕೈಯಲ್ಲಿ ಅಲ್ಲಿಯವರೆಗೂ ಒಂದು ಬಲ ಇದೆ, ಅದು ಅಡ್ವಾನ್ಸ್ ಕೊಡುವ ದಿನ. ಆ ದಿನ ಓನರ್ ನಾವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ವೈಫೈ ಸ್ಪೀಡ್ ಎಷ್ಟು, ಬಿಸಿನೀರು ಎಷ್ಟು ಗಂಟೆವರೆಗೆ, ಭಾನುವಾರ ಚಿಕನ್ ಇದೆಯಾ ಅಂತ ಕೇಳುತ್ತೇವೆ. ಮುಂದಿನ ಸೆಮಿಸ್ಟರಿಗೆ ಪಿಜಿ ಹುಡುಕೋಕೆ ಹೋಗುವವರು ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಸಾರ್, ಮಹಡಿಯಲ್ಲಿ ಹಸಿ ಕಸಕ್ಕೆ ಬೇರೆ ಡಬ್ಬಿ ಇದೆಯಾ, ಬೆಳಿಗ್ಗೆ ಆಟೋಗೆ ಯಾರು ಕೊಡ್ತಾರೆ?’ ಒಬ್ಬರು ಕೇಳಿದರೆ ನಗುತ್ತಾರೆ. ಅದೇ ವಾರ ಇಪ್ಪತ್ತು ಜನ ಕೇಳಿದರೆ ಡಬ್ಬಿ ತರಿಸುತ್ತಾರೆ.